ಪೈಲಟ್‌ಗಳ ಕೊರತೆಯಾದರೆ ಆಯ್ಕೆಯ ನಿಯಮ ಸಡಿಲವಾಗುತ್ತದೆಯೇ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿದ್ದಾಳೆ, ವಯಸ್ಸು ಹದಿನೇಳು. ವಾಯುಪಡೆಯ ಪೈಲಟ್ ಆಗಲೇಬೇಕೆಂಬ ಹಟ. ಎತ್ತರ 161 ಸೆಂ.ಮೀ., ಎರಡೂ ಕಣ್ಣಿಗೆ ಮೈನಸ್ 1 ಪವರಿನ ಕನ್ನಡಕ. ವಾಯುಪಡೆಯಲ್ಲಿ ಪೈಲಟ್‌ಗಳ ಕೊರತೆ ಇದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಅಮೆರಿಕದಲ್ಲಿ ಎತ್ತರದ ಮಿತಿಯನ್ನೇ ತೆಗೆದುಹಾಕಿದ್ದಾರಂತೆ. ಯುದ್ಧಕಾಲದಲ್ಲಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಿದ್ದರು ಎಂದೂ ಕೇಳಿದ್ದೇವೆ. ಇನ್ನೆರಡು ಮೂರು ವರ್ಷದಲ್ಲಿ ನಮ್ಮಲ್ಲೂ ನಿಯಮ ಸಡಿಲವಾಗಬಹುದೇ? ಕಾದು ನೋಡಬಹುದೇ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಸಡಿಲವಾಗಲಿ ಎಂದು ಕಾಯಬೇಡಿ. ಬೇಡಿಕೆ ಏರಿದಾಗ ನಿಯಮ ಸಡಿಲವಾಗುವುದು, ಇಳಿದಾಗ ಬಿಗಿಯಾಗುವುದು ನಿಜವೇ. ಆದರೆ ಯಾವ ನಿಯಮ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನಿಮ್ಮ ಮಗಳಿಗೆ ಅಡ್ಡಬಂದಿರುವ ಎತ್ತರ ಮತ್ತು ಕಣ್ಣು ಎರಡೂ ಸುಲಭಕ್ಕೆ ಬಗ್ಗುವ ಜಾತಿಯವಲ್ಲ. ಹಾಗೆಂದು ದಾರಿಯೇ ಮುಚ್ಚಿದೆ ಎಂದೂ ಅಲ್ಲ. ಅದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ.

ಪೈಲಟ್ ಆಯ್ಕೆಯ ಷರತ್ತುಗಳಲ್ಲಿ ಎರಡು ಬಗೆ. ಸರ್ಕಾರ ಹಾಕಿದ ಷರತ್ತುಗಳು ಮೊದಲನೆಯವು: ವಯಸ್ಸು, ಓದು, ಅಂಕ, ಮದುವೆಯಾಗಿದೆಯೇ ಇಲ್ಲವೇ, ಗಂಡೋ ಹೆಣ್ಣೋ, ಯಾವ ಹುದ್ದೆ, ಎಷ್ಟು ವರ್ಷದ ಸೇವೆ. ವಿಮಾನ ಹಾಕಿದ ಷರತ್ತುಗಳು ಎರಡನೆಯವು: ಕಾಕ್‌ಪಿಟ್ಟಿನಲ್ಲಿ ಕೈಕಾಲು ಎಟಕುವ ಅಳತೆ, ಕಣ್ಣು, ಕಿವಿ, ಹೃದಯ, ಬೆನ್ನೆಲುಬು, ಕೈ-ಕಾಲು-ಕಣ್ಣು ಒಟ್ಟಿಗೆ ಕೆಲಸ ಮಾಡುವ ಸಾಮರ್ಥ್ಯ. ಕೊರತೆ ಬಂದಾಗ ಮೊದಲನೆಯವು ಒಂದು ಆದೇಶದಲ್ಲಿ ಬದಲಾಗುತ್ತವೆ. ಎರಡನೆಯವು ಬದಲಾಗಬೇಕಾದರೆ ವಿಮಾನ ಬದಲಾಗಬೇಕು, ಇಲ್ಲವೇ ವೈದ್ಯಶಾಸ್ತ್ರ ಮುಂದುವರಿಯಬೇಕು.

ಇದಕ್ಕೆ ಅತಿ ದೊಡ್ಡ ನಿದರ್ಶನ ಎರಡನೇ ಮಹಾಯುದ್ಧದ ಅಮೆರಿಕ ಸೇನೆಯ ವಾಯುವಿಭಾಗ. ಅಷ್ಟು ಬೇಗ ಬಾಗಿಲು ತೆರೆದು, ಅಷ್ಟೇ ಬೇಗ ಮುಚ್ಚಿದ, ಜೊತೆಗೆ ಲೆಕ್ಕವನ್ನೂ ಇಟ್ಟ ಉದಾಹರಣೆ ಬೇರೊಂದಿಲ್ಲ. ಯುದ್ಧಕ್ಕೆ ಮುಂಚೆ ಅಲ್ಲಿ ಪೈಲಟ್ ಕೆಡೆಟ್ ಆಗಲು 20ರಿಂದ 26ರ ವಯಸ್ಸು, ಎರಡು ವರ್ಷದ ಕಾಲೇಜು ಓದು ಅಥವಾ ಅದಕ್ಕೆ ಸಮನಾದ ಪರೀಕ್ಷೆ ಬೇಕಿತ್ತು, ಮದುವೆಯಾಗಿರಬಾರದಿತ್ತು. 1940ರಲ್ಲಿ ವರ್ಷಕ್ಕೆ 7,000 ಪೈಲಟ್‌ಗಳ ಗುರಿ ಇತ್ತು. 1941ರಲ್ಲಿ ಅದು 30,000ಕ್ಕೆ, ಪರ್ಲ್ ಹಾರ್ಬರ್ ದಾಳಿಯ ಹೊತ್ತಿಗೆ 50,000ಕ್ಕೆ ಏರಿತು. ಹಳೆಯ ಷರತ್ತಿನಲ್ಲಿ ಅಷ್ಟು ಜನ ಸಿಗುವಂತಿರಲಿಲ್ಲ.

ಹಾಗಾಗಿ 1942ರ ಜನವರಿಯಲ್ಲಿ ಕಾಲೇಜಿನ ಷರತ್ತನ್ನು ಕೈಬಿಟ್ಟರು. ಕೆಳ ವಯಸ್ಸನ್ನು 18ಕ್ಕೆ ಇಳಿಸಿದರು. ಮದುವೆಯಾದವರೂ ಬರಬಹುದು ಎಂದರು. ಡಿಗ್ರಿಯ ಜಾಗಕ್ಕೆ 150 ಪ್ರಶ್ನೆಗಳ, ಬಹು ಆಯ್ಕೆಯ ಒಂದು ಅರ್ಹತಾ ಪರೀಕ್ಷೆ ಬಂತು. ಕಾಗದದ ಷರತ್ತು ಹೋದದ್ದು ನಿಜ, ಆದರೆ ಅದರ ಜಾಗ ಖಾಲಿ ಉಳಿಯಲಿಲ್ಲ. ಕಾಲೇಜು ಓದಿದವನು ಬುದ್ಧಿವಂತನಿರಬೇಕು ಎಂಬ ಊಹೆಯನ್ನು ಬಿಟ್ಟು, ವಿಮಾನ ಹಾರಿಸಲು ಬೇಕಾದ ಸಾಮರ್ಥ್ಯವನ್ನು ನೇರವಾಗಿ ಅಳೆಯಲು ಶುರು ಮಾಡಿದರು. ಕಣ್ಣು, ಕಿವಿ, ಹೃದಯದ ವೈದ್ಯಕೀಯ ತಪಾಸಣೆ ಕಠಿಣವಾಗಿಯೇ ಉಳಿಯಿತು.

ಅರ್ಹತಾ ಪರೀಕ್ಷೆ ಪಾಸಾದವರಿಗೆ ಇನ್ನೊಂದು ಸರಣಿ ಪರೀಕ್ಷೆಗಳಿದ್ದವು. ಒಂದಷ್ಟು ಬರೆಯುವುದು, ಒಂದಷ್ಟು ಯಂತ್ರದ ಮುಂದೆ ಕೂತು ಕೋಲು ಮತ್ತು ಪೆಡಲ್ ಒಟ್ಟಿಗೆ ಆಡಿಸುವುದು. ಎಲ್ಲವನ್ನೂ ಕೂಡಿಸಿ 1ರಿಂದ 9ರವರೆಗೆ ಒಂದು ಅಂಕ ಕೊಡುತ್ತಿದ್ದರು. ಈ ಅಂಕಕ್ಕೆ ಬೆಲೆ ಇದೆಯೇ ಎಂದು ತಿಳಿಯಲು, ಮುಂದೆ ತರಬೇತಿ ಪಡೆದ ಲಕ್ಷಾಂತರ ಜನರ ಫಲಿತಾಂಶ ತೆಗೆದು ನೋಡಿದರು. 9 ಅಂಕ ಪಡೆದವರಲ್ಲಿ ಪ್ರಾಥಮಿಕ ಹಾರಾಟದ ಹಂತದಲ್ಲಿ ಉದುರಿದವರು ಶೇ. 4ರಷ್ಟು, 1 ಅಂಕದವರಲ್ಲಿ ಶೇ. 77ರಷ್ಟು. ಅಷ್ಟಕ್ಕೇ ನಿಲ್ಲಲಿಲ್ಲ. 1943ರಲ್ಲಿ ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು, ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ನೇರ ತರಬೇತಿಗೆ ಕಳಿಸಿ ಪ್ರಯೋಗ ಮಾಡಿದರು. ಅತಿ ಕೆಳಗಿನ ಅಂಕದವರಲ್ಲಿ ಪೈಲಟ್ ಆಗಿ ಹೊರಬಂದವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇವತ್ತಿಗೂ ಜಗತ್ತಿನ ವಾಯುಪಡೆಗಳು ಎಂಥ ಕೊರತೆಯಲ್ಲೂ ಯೋಗ್ಯತಾ ಪರೀಕ್ಷೆಯನ್ನು ಕೈಬಿಡದಿರಲು ಇಂಥ ಲೆಕ್ಕಗಳೇ ಕಾರಣ.

ಇನ್ನೊಂದು ಬಾಗಿಲು ಯಾರಿಗೆ ಅವಕಾಶ ಎಂಬುದರದ್ದು. 1941ರವರೆಗೆ ಆ ಸೇನೆಯಲ್ಲಿ ಕಪ್ಪು ಜನಾಂಗದವರು ಪೈಲಟ್ ಆಗುವಂತಿರಲಿಲ್ಲ; ಆ ವರ್ಷ ಅಲಬಾಮಾದ ಟಸ್ಕೀಗಿಯಲ್ಲಿ ಪ್ರತ್ಯೇಕ ತರಬೇತಿ ಶುರುವಾಯಿತು, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಸಾವಿರ ಪೈಲಟ್‌ಗಳು ಅಲ್ಲಿಂದ ಬಂದರು. ಅದೇ ವರ್ಷ, ಹೈಸ್ಕೂಲು ಮುಗಿಸಿದ ಸೈನಿಕರು ಅಧಿಕಾರಿಯಾಗದೆ ಸಾರ್ಜೆಂಟ್ ಹುದ್ದೆಯಲ್ಲೇ ವಿಮಾನ ಹಾರಿಸಲು ಕಾನೂನು ಮಾಡಿದರು. ಮಹಿಳೆಯರದ್ದು ಇನ್ನೂ ಸ್ಪಷ್ಟ ಉದಾಹರಣೆ. ಸೇನೆಯ ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗೆ ಸಾಗಿಸಲು ಮಹಿಳಾ ಪೈಲಟ್‌ಗಳ ತರಬೇತಿ ಆರಂಭಿಸಿದಾಗ ಕೇಳಿದ್ದು 200 ಗಂಟೆಗಳ ಹಾರಾಟದ ಅನುಭವ ಮತ್ತು 21 ವರ್ಷ. ಅಷ್ಟು ಅನುಭವಿಗಳು ಮುಗಿದ ಮೇಲೆ ಅದು ಇಳಿಯುತ್ತ 35 ಗಂಟೆಗೆ, ವಯಸ್ಸು ಹದಿನೆಂಟೂವರೆಗೆ ಬಂತು. ಸುಮಾರು 25,000 ಮಂದಿ ಅರ್ಜಿ ಹಾಕಿದರು, 1,830 ಮಂದಿಯನ್ನು ತೆಗೆದುಕೊಂಡರು, 1,074 ಮಂದಿ ತರಬೇತಿ ಪೂರೈಸಿದರು.

ಈಗ ಮುಚ್ಚಿದ ಬಗೆ ನೋಡಿ. ಬಾಗಿಲು ತೆರೆದಾಗ ಜನ ನುಗ್ಗಿದರು, ಆದರೆ ವಿಮಾನ, ಮೈದಾನ, ಬೋಧಕರು ಅದೇ ವೇಗದಲ್ಲಿ ಹೆಚ್ಚಲಿಲ್ಲ. ಸೇರಿಸಿಕೊಂಡ ಹುಡುಗರು ಸರದಿಯಲ್ಲಿ ತಿಂಗಳುಗಟ್ಟಲೆ ಕಾದರು. ಅವರನ್ನು ಎಲ್ಲಾದರೂ ಇರಿಸಬೇಕಲ್ಲ, 1943ರಲ್ಲಿ ಕಾಲೇಜುಗಳಲ್ಲಿ ಐದು ತಿಂಗಳ ಪೂರ್ವ ತರಬೇತಿ ಎಂದು ಒಂದು ಯೋಜನೆಯನ್ನೇ ಮಾಡಿದರು. ಅಷ್ಟರಲ್ಲಿ ಯುದ್ಧದಲ್ಲಿ ಪೈಲಟ್‌ಗಳ ನಷ್ಟ ಅಂದಾಜಿಗಿಂತ ಕಡಿಮೆಯಾಗತೊಡಗಿತು. ಆಗ ಪೈಲಟ್ ತರಬೇತಿಗೆ ಬೇಕಾದ ಕನಿಷ್ಠ ಅಂಕವನ್ನು ಹಂತಹಂತವಾಗಿ ಏರಿಸಿದರು. 1944ರ ವಸಂತದಲ್ಲಿ ಬೇರೆ ವಿಭಾಗಗಳಿಂದ ಬಂದು ಸರದಿಯಲ್ಲಿದ್ದ ಸುಮಾರು 36,000 ಮಂದಿಯನ್ನು ಭೂಸೇನೆ ಮತ್ತು ಇತರ ಸೇವಾ ವಿಭಾಗಗಳಿಗೆ ವಾಪಸು ಕಳಿಸಿದರು. ಅವರಲ್ಲಿ ಬಹುಪಾಲು ಹುಡುಗರು ಯಾವ ಪರೀಕ್ಷೆಯಲ್ಲೂ ಫೇಲಾಗಿರಲಿಲ್ಲ. ಮಹಿಳಾ ಪೈಲಟ್‌ಗಳ ಸಂಸ್ಥೆಯನ್ನು ಅದೇ ವರ್ಷ ಡಿಸೆಂಬರ್ 20ರಂದು ಮುಚ್ಚಿದರು. ಅವರ ಸೇವೆಯನ್ನು ಸೈನಿಕ ಸೇವೆ ಎಂದು ಒಪ್ಪಿಕೊಳ್ಳಲು ಅಮೆರಿಕಕ್ಕೆ 1977ರವರೆಗೆ ಬೇಕಾಯಿತು. ಆ ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು.

1939ರ ಜುಲೈನಿಂದ 1945ರ ಆಗಸ್ಟ್‌ವರೆಗೆ ಆ ವಾಯುವಿಭಾಗ 1,93,000ಕ್ಕೂ ಹೆಚ್ಚು ಪೈಲಟ್‌ಗಳನ್ನು ತಯಾರು ಮಾಡಿತು. ತರಬೇತಿಯ ನಡುವೆ ಉದುರಿದವರು ಮತ್ತು ಸತ್ತವರು ಸೇರಿ 1,24,000ಕ್ಕೂ ಹೆಚ್ಚು. ಅಂದರೆ ಹೊರಬಾಗಿಲು ಅಗಲವಾದಾಗಲೂ ಒಳಗಿನ ಜರಡಿ ಕೆಲಸ ಮಾಡುತ್ತಲೇ ಇತ್ತು. ಅಧಿಸೂಚನೆ ನೋಡಿ ನಿಯಮ ಸಡಿಲವಾಯಿತು ಎನ್ನುವವರು ಈ ಜರಡಿಯನ್ನು ಮರೆಯುತ್ತಾರೆ.

ಸಡಿಲಿಸಲು ಇನ್ನೊಂದು ದಾರಿಯೂ ಇದೆ, ಅತ್ಯಂತ ಕೆಟ್ಟ ದಾರಿ: ಆಯ್ಕೆಯನ್ನು ಹಾಗೇ ಇಟ್ಟು ತರಬೇತಿಯನ್ನೇ ಕತ್ತರಿಸುವುದು. ಜರ್ಮನಿಯ ವಾಯುಪಡೆ ಇದನ್ನು ಮಾಡಿತು. 1942ರವರೆಗೆ ಹೊಸ ಪೈಲಟ್‌ಗೆ ಸುಮಾರು 240 ಗಂಟೆ ಹಾರಾಟ ಸಿಗುತ್ತಿತ್ತು. 1944ರ ಉತ್ತರಾರ್ಧಕ್ಕೆ ಅದು 110ರ ಹತ್ತಿರಕ್ಕೆ ಬಂತು. ಇಂಧನವಿಲ್ಲ, ಬೋಧಕರನ್ನು ಯುದ್ಧಕ್ಕೆ ಕಳಿಸಲಾಗಿದೆ, ಶಾಲೆಯ ವಿಮಾನಗಳೂ ಸರಬರಾಜಿಗೆ ಹೋಗಿವೆ. ಅರೆಬರೆ ಕಲಿತವನು ಬೇಗ ಸಾಯುತ್ತಾನೆ, ಅವನ ಜಾಗ ತುಂಬಲು ಇನ್ನೂ ಬೇಗ ಇನ್ನೊಬ್ಬನನ್ನು ಕಳಿಸಬೇಕಾಗುತ್ತದೆ, ಅವನ ಗಂಟೆಗಳೂ ಕಡಿತವಾಗುತ್ತವೆ. ಈ ಸುಳಿಯಲ್ಲಿ ಬಿದ್ದ ವಾಯುಪಡೆ ಮತ್ತೆ ಏಳಲಿಲ್ಲ.

1942ರ ಆ ಉದಾರತೆ ಇಂದು ಏಕೆ ಸಾಧ್ಯವಿಲ್ಲ? ಮುಖ್ಯ ಕಾರಣ ಖರ್ಚು. ಆಗಿನ ಪ್ರಾಥಮಿಕ ತರಬೇತಿ ವಿಮಾನ ಬಟ್ಟೆ ಹೊದಿಸಿದ ಎರಡು ರೆಕ್ಕೆಯ ಯಂತ್ರ. ಹತ್ತು ಜನರಲ್ಲಿ ನಾಲ್ವರು ಉದುರಿದರೂ ಕಾರ್ಖಾನೆಗಳು ಭರಿಸುತ್ತಿದ್ದವು. 2019ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ ಹಾಕಿದ ಲೆಕ್ಕದಂತೆ ಎಫ್-22 ಯುದ್ಧವಿಮಾನದ ಪೈಲಟ್ ಒಬ್ಬರನ್ನು ಮೂಲ ಅರ್ಹತೆಗೆ ತರಲು ಸುಮಾರು 1 ಕೋಟಿ 9 ಲಕ್ಷ ಡಾಲರ್ ಬೇಕು. ಇಷ್ಟು ದುಬಾರಿ ಸೀಟಿಗೆ ಅರ್ಧದಲ್ಲಿ ಬಿಡುವವರನ್ನು ಕೂರಿಸಲು ಯಾರೂ ತಯಾರಿಲ್ಲ. ಹಾಗಾಗಿ ಇಂದಿನ ವಾಯುಪಡೆಗಳು ಕೊರತೆ ಬಂದಾಗ ಮೊದಲು ಇರುವ ಪೈಲಟ್‌ಗಳು ಕೆಲಸ ಬಿಟ್ಟು ಏರ್‌ಲೈನ್‌ಗಳಿಗೆ ಹೋಗದಂತೆ ತಡೆಯಲು ನೋಡುತ್ತವೆ. ಅಮೆರಿಕ 2017ರಲ್ಲಿ ಸೇವೆಯಲ್ಲಿ ಉಳಿಯುವವರ ವಾರ್ಷಿಕ ಬೋನಸ್ಸಿನ ಮಿತಿಯನ್ನು 25,000 ಡಾಲರ್‌ನಿಂದ 35,000ಕ್ಕೆ ಏರಿಸಿದ್ದು ಇದಕ್ಕೇ. ಹತ್ತು ವರ್ಷದ ಅನುಭವಿಯ ಜಾಗವನ್ನು ಹೊಸಬನಿಂದ ತುಂಬಲು ಹತ್ತು ವರ್ಷವೇ ಬೇಕು. ಪ್ರವೇಶದ ನಿಯಮ ಎಷ್ಟು ಸಡಿಲಿಸಿದರೂ ಆ ಕೊರತೆ ನೀಗುವುದಿಲ್ಲ.

ಇನ್ನು ನೀವು ಕೇಳಿದ ಎತ್ತರದ ವಿಷಯ. ಅಮೆರಿಕ ವಾಯುಪಡೆ 2020ರ ಮೇ ತಿಂಗಳಲ್ಲಿ ತೆಗೆದದ್ದು ಅರ್ಜಿಯ ಹಂತದ ಮಿತಿಯನ್ನು: 5 ಅಡಿ 4 ಇಂಚಿನಿಂದ 6 ಅಡಿ 5 ಇಂಚು ಎಂಬ ಸಾಲನ್ನು. ಅಳತೆಯನ್ನು ತೆಗೆದುಹಾಕಲಿಲ್ಲ. ಈಗಲೂ ಕೂತ ಎತ್ತರ, ಕಾಲಿನ ಉದ್ದ, ಕೈ ಚಾಚುವ ದೂರ ಅಳೆದು, ಅವರು ಯಾವ್ಯಾವ ವಿಮಾನಕ್ಕೆ ಹೊಂದುತ್ತಾರೆ ಎಂದು ನೋಡುತ್ತಾರೆ. ಮೊದಲೂ ಗಿಡ್ಡಗಿರುವವರು ವಿನಾಯಿತಿ ಕೇಳಬಹುದಿತ್ತು. ಕೇಳಿದವರಲ್ಲಿ ಹೆಚ್ಚಿನವರಿಗೆ ಸಿಗುತ್ತಿತ್ತು ಕೂಡ. ಆದರೆ ಅಧಿಸೂಚನೆಯ ಸಾಲು ನೋಡಿಯೇ ಬಹಳಷ್ಟು ಹೆಣ್ಣುಮಕ್ಕಳು ಅರ್ಜಿ ಹಾಕದೆ ಹಿಂದೆ ಸರಿಯುತ್ತಿದ್ದರು. ಅದನ್ನು ಸರಿಪಡಿಸಿದ್ದು ಒಳ್ಳೆಯ ಕೆಲಸ. ಅಲ್ಲಿ ಹತ್ತಾರು ಬಗೆಯ ವಿಮಾನಗಳಿವೆ, ಒಂದಕ್ಕೆ ಹೊಂದದವರು ಇನ್ನೊಂದಕ್ಕೆ ಹೊಂದುತ್ತಾರೆ ಎಂಬ ಅನುಕೂಲವೂ ಇದರ ಹಿಂದಿದೆ.

ನಮ್ಮ ವಾಯುಪಡೆಯಲ್ಲಿ ಪೈಲಟ್‌ಗಳಿರುವ ಫ್ಲೈಯಿಂಗ್ ಶಾಖೆಗೆ ಕನಿಷ್ಠ ಎತ್ತರ 162.5 ಸೆಂ.ಮೀ. ಜೊತೆಗೆ ಕೂತ ಎತ್ತರ 81.5ರಿಂದ 96, ಕಾಲಿನ ಉದ್ದ 99ರಿಂದ 120, ತೊಡೆಯ ಉದ್ದ ಗರಿಷ್ಠ 64 ಸೆಂ.ಮೀ. ಒಂದೊಂದು ಅಂಕಿಯ ಹಿಂದೆಯೂ ಲೋಹದ ಒಂದು ಭಾಗವಿದೆ. ಕೂತ ಎತ್ತರ ಕಡಿಮೆಯಾದರೆ ವಿಮಾನದ ಮೂತಿಯ ಮೇಲಿನಿಂದ ರನ್‌ವೇ ಕಾಣುವುದಿಲ್ಲ. ಹೆಚ್ಚಾದರೆ ಹೆಲ್ಮೆಟ್ ಮೇಲಿನ ಗಾಜಿಗೆ ತಾಗುತ್ತದೆ. ಕಾಲು ಚಿಕ್ಕದಾದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಪೂರ್ತಿ ಒತ್ತಲಾಗುವುದಿಲ್ಲ. ತೊಡೆ ಉದ್ದವಾದರೆ, ಅಪಾಯದಲ್ಲಿ ಸೀಟು ಸಮೇತ ಹೊರಕ್ಕೆ ಚಿಮ್ಮುವಾಗ ಮಂಡಿ ಮುಂದಿನ ಪ್ಯಾನೆಲ್ಲಿನ ಅಂಚಿಗೆ ಬಡಿಯುತ್ತದೆ. ಬೇಡಿಕೆ ಹೆಚ್ಚಿತೆಂದು ಆ ಅಂಚು ಹಿಂದೆ ಸರಿಯುವುದಿಲ್ಲ. ನಮ್ಮಲ್ಲಿ ಆಯ್ಕೆಯಾದವರೆಲ್ಲ ಮೊದಲು ಒಂದೇ ಬಗೆಯ ತರಬೇತಿ ವಿಮಾನದಲ್ಲಿ ಕಲಿಯಬೇಕು, ಹಾಗಾಗಿ ಹೆಲಿಕಾಪ್ಟರ್ ಸಾಕು ಎನ್ನುವವರಿಗೂ ಇದೇ ಅಳತೆ.

ಇನ್ನು ಕೊರತೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯ ಪ್ರಕಾರ 2015ರ ಫೆಬ್ರವರಿಯಲ್ಲಿ ನಮ್ಮ ವಾಯುಪಡೆಗೆ 486 ಪೈಲಟ್‌ಗಳ ಕೊರತೆ ಇತ್ತು. ಅದನ್ನು ತುಂಬಲು 2016ರಿಂದ 2021ರವರೆಗೆ ವರ್ಷಕ್ಕೆ 222 ತರಬೇತಿ ಪೈಲಟ್‌ಗಳನ್ನು ಸೇರಿಸಿಕೊಳ್ಳುವ ಯೋಜನೆ ಹಾಕಿದರು. ಅಷ್ಟು ಜನರನ್ನು ಸೇರಿಸಿಕೊಳ್ಳಲಾಗದೆ ಅವಧಿಯ ಕೊನೆಗೆ ಕೊರತೆ 596ಕ್ಕೆ ಏರಿತು. ಇಷ್ಟಾದರೂ ಎತ್ತರ 162.5 ಆಗಿಯೇ ಉಳಿಯಿತು ಎಂಬುದನ್ನು ಗಮನಿಸಿ. ಇಂಥ ಕೊರತೆಯಲ್ಲಿ ಅರ್ಜಿದಾರರ ಸಂಖ್ಯೆಗಿಂತ ತರಬೇತಿಯ ಸಾಮರ್ಥ್ಯ ದೊಡ್ಡ ಪ್ರಶ್ನೆ. 2009ರ ಜುಲೈನಲ್ಲಿ ಎಚ್‌ಪಿಟಿ-32 ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ಸತ್ತ ಮೇಲೆ ಆ ಮೂಲ ತರಬೇತಿ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದರು. ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-7 ಬಂದದ್ದು 2013ರಲ್ಲಿ. ನಡುವಿನ ವರ್ಷಗಳಲ್ಲಿ ಎರಡನೇ ಹಂತಕ್ಕೆಂದಿದ್ದ ಕಿರಣ್ ಜೆಟ್‌ನಲ್ಲೇ ಅ ಆ ಇ ಈ ಕಲಿಸಬೇಕಾಯಿತು. ಬೆಂಗಳೂರಿನ ಎಚ್‌ಎಎಲ್‌ಗೆ 70 ಎಚ್‌ಟಿಟಿ-40 ತರಬೇತಿ ವಿಮಾನಗಳ ಗುತ್ತಿಗೆ ಸಿಕ್ಕಿದ್ದು 2023ರ ಮಾರ್ಚಿನಲ್ಲಿ. ಬೋಧಕರ ಲೆಕ್ಕವೂ ಹೀಗೆಯೇ: ಬೀದರ್‌ನಲ್ಲಿ ಹಾಕ್ ಜೆಟ್ ಕಲಿಸುವ ಪ್ರತಿಯೊಬ್ಬ ಬೋಧಕನೂ ಸ್ಕ್ವಾಡ್ರನ್ನಿನಿಂದ (ಯುದ್ಧವಿಮಾನಗಳ ತುಕಡಿಯಿಂದ) ತೆಗೆದ ಒಬ್ಬ ಅನುಭವಿ ಪೈಲಟ್. ಇನ್ನೊಂದು ಕಡೆ ಬೇಡಿಕೆಯೇ ಏರಿಳಿಯುತ್ತದೆ. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾದ ಮೇಲೆ, 42 ಯುದ್ಧ ಸ್ಕ್ವಾಡ್ರನ್‌ಗಳ ಮಂಜೂರಾತಿಗೆ ಎದುರಾಗಿ ಉಳಿದಿರುವುದು 29.

ಹಾಗಾದರೆ ನಮ್ಮಲ್ಲಿ ಏನೂ ಬಗ್ಗಿಲ್ಲವೇ? ಬಗ್ಗಿದೆ, ಕಾಗದದ ಕಡೆ. ಡಿಗ್ರಿಯ ನಂತರ ವಾಯುಪಡೆಗೆ ಸೇರಲು ಬರೆಯುವ ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕ ಫ್ಲೈಯಿಂಗ್ ಶಾಖೆಗೆ ಬರಲು ಪಿಯುಸಿಯ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಹಿಂದೆ ತಲಾ ಶೇ. 60 ಬೇಕಿತ್ತು, ಈಗ ಶೇ. 50 ಸಾಕು; ಡಿಗ್ರಿಯಲ್ಲಿ ಮಾತ್ರ ಶೇ. 60 ಹಾಗೇ ಇದೆ. ವಯಸ್ಸು 20ರಿಂದ 24. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಕೊಡುವ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇರುವವರಿಗೆ 26. ಮಹಿಳೆಯರು 1994ರಲ್ಲಿ ಹೆಲಿಕಾಪ್ಟರ್ ಮತ್ತು ಸಾರಿಗೆ ವಿಮಾನಕ್ಕೆ, 2016ರಲ್ಲಿ ಪ್ರಾಯೋಗಿಕವಾಗಿ ಯುದ್ಧವಿಮಾನಕ್ಕೆ ಬಂದರು. 2022ರಲ್ಲಿ ಆ ಪ್ರಯೋಗವನ್ನು ಕಾಯಂ ಮಾಡಿದರು, ಅದೇ ವರ್ಷ, ಪಿಯುಸಿ ನಂತರ ಸೇರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಹುಡುಗಿಯರ ಮೊದಲ ಬ್ಯಾಚ್ ಸೇರಿತು. ಎನ್‌ಡಿಎ ಬಾಗಿಲು ತೆರೆಸಿದ್ದು ಸುಪ್ರೀಂ ಕೋರ್ಟು, ಕೊರತೆಯಲ್ಲ.

ಈಗ ನಿಮ್ಮ ಮಗಳ ವಿಷಯ. ಪೈಲಟ್ ಹುದ್ದೆಗೆ ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು. ಸಮೀಪದೃಷ್ಟಿ, ಅಂದರೆ ಮೈನಸ್ ಪವರ್, ಇರಲೇಬಾರದು. ಹೀಗಾಗಿ ಎನ್‌ಡಿಎ ಮೂಲಕ ಫ್ಲೈಯಿಂಗ್ ಶಾಖೆ ಅವಳಿಗೆ ಸಿಗುವುದಿಲ್ಲ. ಈಗಲೇ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಲೇಸಿಕ್ ಮಾಡಿಸಿಬಿಡೋಣ ಎಂದು ಖಂಡಿತ ಹೊರಡಬೇಡಿ. ಎಎಫ್‌ಕ್ಯಾಟ್ ಅಭ್ಯರ್ಥಿಗಳಿಗೆ ಲೇಸಿಕ್ ಒಪ್ಪುತ್ತಾರೆ, ಷರತ್ತುಗಳ ಮೇಲೆ: 20 ವರ್ಷ ತುಂಬಿದ ಮೇಲೆ ಮಾಡಿಸಿರಬೇಕು, ಮಾಡಿಸಿ ಕನಿಷ್ಠ 12 ತಿಂಗಳಾಗಿರಬೇಕು, ಮೊದಲಿದ್ದ ಪವರ್ 6 ದಾಟಿರಬಾರದು, ಚಿಕಿತ್ಸೆಯ ನಂತರ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ದಪ್ಪ 450 ಮೈಕ್ರಾನ್‌ಗಿಂತ ಕಡಿಮೆಯಿರಬಾರದು, ಕಣ್ಣುಗುಡ್ಡೆಯ ಉದ್ದಕ್ಕೂ ಮಿತಿಯಿದೆ. ಹದಿನೆಂಟಕ್ಕೆ ಮಾಡಿಸಿದರೆ ಇಪ್ಪತ್ತರ ಷರತ್ತಿನಲ್ಲೇ ಹೊರಬೀಳುತ್ತಾಳೆ. ಚಿಕಿತ್ಸೆಗೆ ಮುಂಚಿನ ಪವರ್ ಮತ್ತು ದಪ್ಪದ ದಾಖಲೆಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನ ಮಾಡಿ. ಕಾಲಲೆಕ್ಕ ಹೀಗೆ: ಡಿಗ್ರಿ ಮುಗಿಯುವ ಹೊತ್ತಿಗೆ 20 ದಾಟುತ್ತದೆ, ಚಿಕಿತ್ಸೆಯ ನಂತರ ವರ್ಷ ಕಳೆದರೆ 21, ಎಎಫ್‌ಕ್ಯಾಟ್ ವರ್ಷಕ್ಕೆ ಎರಡು ಬಾರಿ, 24ರೊಳಗೆ ನಾಲ್ಕೈದು ಅವಕಾಶ.

ಆದರೆ ಆ ಹಣ ಹಾಕುವ ಮೊದಲು ಎತ್ತರ ಖಚಿತ ಮಾಡಿಕೊಳ್ಳಿ. ಮನೆಯ ಟೇಪಿನ 161 ನಿಜವಾಗಿ 160 ಇರಬಹುದು, 162.5 ಕೂಡ ಇರಬಹುದು. ಬೆಳಿಗ್ಗೆ ಎದ್ದ ಹೊತ್ತಿಗೆ ಬೆನ್ನೆಲುಬು ಹಿಗ್ಗಿರುತ್ತದೆ, ಸಂಜೆಗೆ ಒಂದು ಸೆಂಟಿಮೀಟರ್ ಕುಗ್ಗುವುದು ಸಹಜ. ಆದ್ದರಿಂದ ಬೆಳಿಗ್ಗೆ, ಬರಿಗಾಲಲ್ಲಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗಿಸಿ, ಆಸ್ಪತ್ರೆಯ ಸ್ಟೇಡಿಯೋಮೀಟರಿನಲ್ಲಿ ಅಳೆಸಿ. ಕಾಲಿನ ಉದ್ದವನ್ನು ನೆಲದ ಮೇಲೆ ಬೆನ್ನು ಗೋಡೆಗೊರಗಿಸಿ ಕೂತು, ಮಂಡಿ ಮಡಿಸದೆ, ಗೋಡೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ. ಹದಿನೇಳರ ಹುಡುಗಿಯರಲ್ಲಿ ಬೆಳವಣಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಒಂದೂವರೆ ಸೆಂಟಿಮೀಟರ್ ಕಡಿಮೆ ಇದ್ದರೆ ಅದು ಬರುತ್ತದೆ ಎಂದು ನಂಬಿ ಕೂರಬೇಡಿ. ಎತ್ತರ ಹೆಚ್ಚಿಸುವ ಔಷಧಿ ಮಾರುವವರ ಹತ್ತಿರ ಹೋಗಲೇಬೇಡಿ.

ಎತ್ತರ ಹೊಂದಿದರೆ ಮುಂದಿನ ಮುಖ್ಯ ಘಟ್ಟ ಆಯ್ಕೆ ಮಂಡಳಿಯಲ್ಲಿ ನಡೆಯುವ ಸಿಪಿಎಸ್‌ಎಸ್ ಎಂಬ ಪೈಲಟ್ ಯೋಗ್ಯತಾ ಪರೀಕ್ಷೆ. ಮೈಸೂರಿನಲ್ಲೇ ಅಂಥ ಮಂಡಳಿಯಿದೆ. ವಿಮಾನದ ಉಪಕರಣಗಳ ಮುಳ್ಳು ನೋಡಿ ವಿಮಾನದ ಸ್ಥಿತಿ ಹೇಳುವುದು, ಕೋಲು ಮತ್ತು ಪೆಡಲ್‌ಗಳಿಂದ ಗುರಿಯನ್ನು ನಡುವೆ ಹಿಡಿದಿಟ್ಟುಕೊಂಡೇ ದೀಪ ಮತ್ತು ಸದ್ದುಗಳಿಗೆ ಸ್ಪಂದಿಸುವುದು ಅದರಲ್ಲಿರುತ್ತದೆ. ಜೀವನದಲ್ಲಿ ಒಂದೇ ಸಲ ಬರೆಯಬಹುದು, ಫೇಲಾದರೆ ಪೈಲಟ್ ದಾರಿ ಮುಗಿಯಿತು. ಹಾಗಾಗಿ ಜ್ವರ, ನಿದ್ದೆಗೆಟ್ಟ ಪ್ರಯಾಣ ಇಟ್ಟುಕೊಂಡು ಹೋಗಬಾರದು.

ಎತ್ತರ ಹೊಂದದಿದ್ದರೆ ಎರಡು ದಾರಿ. ನಾಗರಿಕ ವಿಮಾನಯಾನದಲ್ಲಿ ಕನ್ನಡಕ ಹಾಕಿಕೊಂಡೇ ವಿಮಾನ ಹಾರಿಸಬಹುದು. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆಯನ್ನು ಫ್ಲೈಯಿಂಗ್ ಸ್ಕೂಲಿಗೆ ಒಂದು ರೂಪಾಯಿ ಕಟ್ಟುವ ಮೊದಲೇ ಮಾಡಿಸಿ, ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಅದು ನಡೆಯುತ್ತದೆ. ಇನ್ನೊಂದು, 2022ರ ಅಕ್ಟೋಬರಿನಲ್ಲಿ ವಾಯುಪಡೆ ಪ್ರಕಟಿಸಿದ ಹೊಸ ವೆಪನ್ ಸಿಸ್ಟಮ್ಸ್ ಶಾಖೆ: ಕ್ಷಿಪಣಿಗಳ ಜೊತೆಗೆ ದೂರದಿಂದ ಹಾರಿಸುವ ವಿಮಾನಗಳೂ ಅದರಡಿ ಬರುತ್ತವೆ. ಅಮೆರಿಕ 2015ರಲ್ಲಿ ಇಂಥ ವಿಮಾನಕ್ಕೇ ಅಧಿಕಾರಿಗಳಲ್ಲದವರನ್ನು ಪೈಲಟ್ ಮಾಡಲು ತೀರ್ಮಾನಿಸಿತು. ನೆಲದಲ್ಲಿ ಕೂತು ಹಾರಿಸುವವರಿಗೆ ಸೀಟಿನಿಂದ ಹೊರಚಿಮ್ಮುವ ಪ್ರಶ್ನೆಯೇ ಇಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ದೇಹದ ಅಳತೆಯ ನಿಯಮ ಎಲ್ಲಾದರೂ ನಿಜವಾಗಿ ಬದಲಾದರೆ ಅದು ಈ ಕಡೆ ಎಂಬುದು ನನ್ನ ಅಭಿಪ್ರಾಯ. ಎಎಫ್‌ಕ್ಯಾಟ್ ಅಧಿಸೂಚನೆ ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರಿನಲ್ಲಿ ಬರುತ್ತದೆ. ಅವಳು ಅರ್ಜಿ ಹಾಕುವ ವರ್ಷದ ಅಧಿಸೂಚನೆಯ ವೈದ್ಯಕೀಯ ಅನುಬಂಧವನ್ನು ಪೂರ್ತಿ ಓದಿ, ಪ್ರತಿ ಶಾಖೆಯ ಅಳತೆಯನ್ನೂ ಬೇರೆಬೇರೆಯಾಗಿ ನೋಡಿ.